ಅರವತ್ತು ವರ್ಷದ ಹಳೇ ಸರ್ಕ್ಯೂಟ್‌ಗೆ ಲಕ್ಷ ರೂಪಾಯಿ ಕೊಡಬೇಕಾ?

ಓದುಗರ ಪ್ರಶ್ನೆ: ಎಂಟು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ಮನೆಯಲ್ಲಿರುವುದು 20 ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್ (ಆಂಪ್ಲಿಫೈಯರ್). ಹೋದ ತಿಂಗಳು ಸ್ನೇಹಿತನ ಮನೆಯಲ್ಲಿ ಫೆಂಡರ್ '65 ಡಿಲಕ್ಸ್ ರಿವರ್ಬ್ ಅನ್ನುವ ಟ್ಯೂಬ್ ಆಂಪ್‌ಗೆ ಗಿಟಾರ್ ಹಾಕಿ ನುಡಿಸಿದೆ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ವಾಪಸ್ ಬಂದು ನನ್ನ ಆಂಪ್ ಆನ್ ಮಾಡಿದರೆ ಸಪ್ಪೆ ಸಪ್ಪೆ. ಅಣ್ಣ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. "ಅದು ಅರವತ್ತು ವರ್ಷದ ಹಳೇ ಸರ್ಕ್ಯೂಟ್. ಅಳೆದು ನೋಡಿದರೆ ನಿನ್ನ ಆಂಪೇ ಮೇಲು. ಉಳಿದದ್ದೆಲ್ಲ ಹಳೇದರ ಮೇಲಿನ ಮೋಹ" ಅನ್ನುತ್ತಾನೆ. ನಾನಿರುವುದು ಬೆಂಗಳೂರಿನಲ್ಲಿ. ಬಾಡಿಗೆ ಮನೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಲಕ್ಷಕ್ಕೂ ಜಾಸ್ತಿ ಕೊಟ್ಟು ಅಂಥದ್ದೊಂದು ತಗೊಳ್ಳಲಾ? ಅಮೆರಿಕದಲ್ಲಿರುವ ಅತ್ತೆ ಮಗ ತಂದುಕೊಡುತ್ತೇನೆ ಅಂತಲೂ ಹೇಳಿದ್ದಾನೆ.

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ. ಮೀಟರ್ ಹಿಡಿದು ಕೂತರೆ ಡಿಲಕ್ಸ್ ರಿವರ್ಬ್ ಒಳ್ಳೇ ಮಾರ್ಕ್ಸ್ ತೆಗೆಯುವ ಹುಡುಗನಲ್ಲ. ಸ್ವಲ್ಪ ಗುಂಯ್ ಅನ್ನುತ್ತದೆ, ಸ್ವಲ್ಪ ಉಸ್ ಅನ್ನುತ್ತದೆ. ಒಳಗೆ ಹೋದ ಅಲೆ ಹೊರಗೆ ಬರುವಷ್ಟರಲ್ಲಿ ಆಕಾರ ಬದಲಿಸಿಕೊಂಡಿರುತ್ತದೆ. ಹಾಡು ಕೇಳುವ ಸ್ಟೀರಿಯೋ ಹೀಗೆ ಮಾಡಿದರೆ ಅಂಗಡಿಗೆ ವಾಪಸ್ ಕೊಡುತ್ತೀರಿ. ಗಿಟಾರ್ ಆಂಪ್‌ನ ಲೆಕ್ಕ ಬೇರೆ. ಸ್ಟೀರಿಯೋಗೆ ಬರುವುದು ಮಾಡಿಟ್ಟ ಅಡುಗೆ, ಬಡಿಸಿದರೆ ಸಾಕು. ತಂತಿಯ ಅದುರನ್ನು ಕರೆಂಟ್ ಮಾಡುವ ಗಿಟಾರ್‌ನ ಪಿಕಪ್‌ನಿಂದ ಬರುವುದು ಬರೀ ಅಕ್ಕಿ, ಬೇಳೆ. ಬೇಯುವುದು ಆಂಪ್‌ನ ಹೊಟ್ಟೆಯಲ್ಲಿ.

ಇಂಥ ಪೆಟ್ಟಿಗೆಗಳನ್ನು ಬಿಚ್ಚಿ ರಿಪೇರಿ ಮಾಡುವುದು ನನ್ನ ಕೆಲಸ. "ಟ್ಯೂಬ್ ಸೌಂಡ್ ಬೆಚ್ಚಗಿರುತ್ತೆ ಸಾರ್" ಅನ್ನುವ ಮಾತು ದಿನಾ ಕಿವಿಗೆ ಬೀಳುತ್ತದೆ. ನನಗದು ಅಷ್ಟಾಗಿ ಹಿಡಿಸುವುದಿಲ್ಲ. ಬೆಚ್ಚಗಿರುವುದು ಗಾಜಿನ ಬುರುಡೆ, ಮುಟ್ಟಿದರೆ ಬೊಬ್ಬೆ ಬರುತ್ತದೆ. ಡಿಲಕ್ಸ್ ರಿವರ್ಬ್‌ನ ಸೌಂಡ್ ನಿಜವಾಗಿ ತಣ್ಣಗೆ, ಹೊಳಪಾಗಿ, ನಡು ಸ್ವರ ಸ್ವಲ್ಪ ಒಳಗೆ ಹೋದಂತೆ ಇರುತ್ತದೆ. ನಿಮ್ಮನ್ನು ಎರಡು ಗಂಟೆ ಕೂರಿಸಿದ್ದು ಬಿಸಿಯೂ ಅಲ್ಲ, ಹಳೇದರ ಮೋಹವೂ ಅಲ್ಲ. ನಿಮ್ಮ ಬೆರಳು ಮಾಡಿದ ಒಂದೊಂದು ಕೆಲಸಕ್ಕೂ ಅದು ಮಾರುತ್ತರ ಕೊಟ್ಟಿತು, ಅಷ್ಟೇ. ಅದು ಹೇಗೆ ಅಂತ ಹೇಳುತ್ತೇನೆ.

ಟ್ಯೂಬ್ ಅಂದರೆ ನಮ್ಮ ಹಳೇ ವಾಲ್ವ್. ಮನೆಯಲ್ಲಿ ಮರದ ಪೆಟ್ಟಿಗೆಯ ರೇಡಿಯೋ ಇದ್ದವರನ್ನು ಕೇಳಿ. ಸ್ವಿಚ್ ತಿರುಗಿಸಿದ ಕೂಡಲೇ ಆಕಾಶವಾಣಿ ಬರುತ್ತಿರಲಿಲ್ಲ. ಹಿಂದುಗಡೆ ಕೆಂಪಗೆ ಕಾದು, ಸ್ವಲ್ಪ ಹೊತ್ತಿನ ಮೇಲೆ ಸದ್ದು ಮೆಲ್ಲಗೆ ಏಳುತ್ತಿತ್ತು. ಅದೇ ಸಾಮಾನು ಇದು. ಗಾಳಿ ತೆಗೆದ ಗಾಜಿನ ಬುರುಡೆ. ನಡುವೆ ಕಾಯುವ ಕ್ಯಾಥೋಡ್, ಸುತ್ತ ಲೋಹದ ಪ್ಲೇಟ್, ಎರಡರ ಮಧ್ಯೆ ತೆಳ್ಳನೆ ತಂತಿಯ ಗ್ರಿಡ್. ಕಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಎದ್ದು, ನೂರಾರು ವೋಲ್ಟ್ ಇರುವ ಪ್ಲೇಟ್ ಕಡೆ ಹಾರುತ್ತವೆ. ಗ್ರಿಡ್ ಮೇಲೆ ಗಿಟಾರ್‌ನ ಪುಟ್ಟ ವೋಲ್ಟೇಜ್ ಬಿದ್ದರೆ ಆ ಹರಿವು ಏರುತ್ತದೆ, ಇಳಿಯುತ್ತದೆ. ಕೆರೆಯ ತೂಬು ಇದ್ದ ಹಾಗೆ. ಎತ್ತುವುದು ಒಬ್ಬನ ಕೈ, ಹರಿಯುವುದು ಇಡೀ ಕೆರೆ. ಇಂಗ್ಲೆಂಡಿನವರು ವಾಲ್ವ್ ಅಂದರು, ಅಮೆರಿಕದವರು ಟ್ಯೂಬ್ ಅಂದರು. ನಾವು ತೂಬು ಅಂದುಬಿಟ್ಟಿದ್ದರೆ ಎರಡೂ ಸರಿಹೋಗುತ್ತಿತ್ತು.

ನೀವು ನುಡಿಸಿದ ಆಂಪ್‌ನಲ್ಲಿ ಇಂಥವು ಒಂಬತ್ತು ಇವೆ. ಆರು ಚಿಕ್ಕವು, ಕೊನೆಯಲ್ಲಿ ಸ್ಪೀಕರ್ ತಳ್ಳುವ 6ವಿ6 ಎರಡು, ಕರೆಂಟನ್ನು ಎಸಿಯಿಂದ ಡಿಸಿ ಮಾಡುವ ರೆಕ್ಟಿಫೈಯರ್ ಒಂದು. ಒಟ್ಟು 22 ವ್ಯಾಟ್, 12 ಇಂಚಿನ ಒಂದು ಸ್ಪೀಕರ್. ಈ ಮಾದರಿ ಮೊದಲು ಬಂದದ್ದು 1963ರಲ್ಲಿ, ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಫೆಂಡರ್ ಕಾರ್ಖಾನೆಯಿಂದ. ಆ ಕಾರ್ಖಾನೆಯ ಲಿಯೋ ಫೆಂಡರ್ 1938ರಲ್ಲಿ ಅದೇ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ! ಅವನ ಗಿರಾಕಿಗಳು ಡ್ಯಾನ್ಸ್ ಹಾಲ್‌ಗಳಲ್ಲಿ ನುಡಿಸುವ ಕಂಟ್ರಿ ಸಂಗೀತದವರು. ಅವರಿಗೆ ಜೋರಾಗಿ, ಒಡೆಯದೆ, ಶುದ್ಧವಾಗಿ ಕೇಳಬೇಕಿತ್ತು. ಲಿಯೋ ವರ್ಷಾನುಗಟ್ಟಲೆ ಶ್ರಮಪಟ್ಟದ್ದು ಸೌಂಡ್ ಒಡೆಯದಂತೆ ಮಾಡಲು. ಆಮೇಲೆ ಬಂದ ಹುಡುಗರು ವಾಲ್ಯೂಮ್ ಪೂರ್ತಿ ತಿರುಗಿಸಿ, ಒಡೆದದ್ದೇ ಚೆಂದ ಅಂದರು.

ಒಡೆಯುವುದು ಅಂದರೇನು? ಪ್ರತಿ ಆಂಪ್‌ಗೂ ಒಂದು ಮೇಲ್ಮಿತಿ ಇದೆ. ಅದರಾಚೆ ವೋಲ್ಟೇಜ್ ಏರಲು ಜಾಗವಿಲ್ಲ. ಸಾಮಾನ್ಯ ಟ್ರಾನ್ಸಿಸ್ಟರ್ ಪವರ್ ಆಂಪ್ ಆ ಮಿತಿಯವರೆಗೆ ನೀಟಾಗಿ ಹೋಗುತ್ತದೆ. ಮುಟ್ಟಿದ ಕ್ಷಣ ಅಲೆಯ ತಲೆಯನ್ನು ಮಚ್ಚಿನಲ್ಲಿ ಕಡಿದಂತೆ ಸಪಾಟು ಮಾಡುತ್ತದೆ. ಹಾಗೆ ಕಡಿದ ಅಲೆಯಲ್ಲಿ ತುಂಬಾ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಗಳು, ಹುಟ್ಟಿಕೊಳ್ಳುತ್ತವೆ. ಕಿವಿಗೆ ಅದು ಗರಗರ. ಹಳೇ ಮಾದರಿಯ ಟ್ಯೂಬ್ ಸರ್ಕ್ಯೂಟ್ ಮಿತಿ ಬರುವ ಮೊದಲೇ ಬಾಗಲು ಶುರು ಮಾಡುತ್ತದೆ. ಅಲೆಯ ತಲೆ ಮೊಂಡಾಗುತ್ತದೆ, ಆಮೇಲೆ ಚಪ್ಪಟೆಯಾಗುತ್ತದೆ. ಶುದ್ಧ ಸೌಂಡಿಗೂ ಒಡೆದ ಸೌಂಡಿಗೂ ನಡುವೆ ಗೆರೆಯಿಲ್ಲ, ಒಂದು ಇಳಿಜಾರಿದೆ. ಒಳ್ಳೆಯ ಗಿಟಾರಿಸ್ಟ್ ಸಂಜೆಯೆಲ್ಲ ಆ ಇಳಿಜಾರಿನಲ್ಲೇ ಹತ್ತಿ ಇಳಿದು ಆಡುತ್ತಿರುತ್ತಾನೆ.

ಮೊದಲು ಸೇರಿಕೊಳ್ಳುವುದು ಎರಡನೇ, ಮೂರನೇ ಹಾರ್ಮೋನಿಕ್. ಸಂಗೀತ ಕಲಿತವರಿಗೆ ಇದನ್ನು ಹೇಳುವುದು ಸುಲಭ. ನೀವು ನುಡಿಸಿದ್ದು ಸ ಆದರೆ ಎರಡನೆಯದು ಮೇಲಿನ ಸ, ಮೂರನೆಯದು ಅದರ ಮೇಲಿನ ಪ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ, ದಾರದ ಎಳೆ ಸರಿಸಿ ಜೀವ ಕೂರಿಸುತ್ತಾರಲ್ಲ, ಆಗ ಒಂದೇ ತಂತಿಯಿಂದ ನಾಲ್ಕಾರು ಸ್ವರ ಅರಳಿದಂತೆ ಕೇಳುತ್ತದೆ. ದಾರ ತೆಗೆಯಿರಿ. ಅದೇ ತಂತಿ, ಅದೇ ಶ್ರುತಿ, ಆದರೆ ಸಪ್ಪೆ. ನಿಮ್ಮ ಪತ್ರದಲ್ಲೂ ಅದೇ ಪದ ಇದೆ.

ಇಲ್ಲಿ ಒಂದು ಮಾತು. ಟ್ಯೂಬ್ ಅಂದರೆ ಸಮಸಂಖ್ಯೆಯ ಸಿಹಿ ಹಾರ್ಮೋನಿಕ್, ಟ್ರಾನ್ಸಿಸ್ಟರ್ ಅಂದರೆ ಬೆಸಸಂಖ್ಯೆಯ ಕಹಿ ಹಾರ್ಮೋನಿಕ್ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಅರ್ಧ ಸತ್ಯ. ಮೊದಲ ಹಂತದ ಚಿಕ್ಕ ಟ್ಯೂಬ್‌ಗಳಿಗೆ ಸರಿ. ಕೊನೆಯ ಎರಡು 6ವಿ6ಗಳು ಅಲೆಯ ಮೇಲರ್ಧ, ಕೆಳಗರ್ಧ ಹಂಚಿಕೊಂಡು ಎಳೆಯುತ್ತವೆ. ಅಲ್ಲಿ ಹುಟ್ಟುವ ಸಮಸಂಖ್ಯೆಯವು ಬಹುತೇಕ ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು ಬೆಸಸಂಖ್ಯೆಯವೇ. ಆದರೂ ಕೇಳಲು ಚೆನ್ನಾಗಿದೆ, ಅಲ್ವಾ?

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಗುಟ್ಟು ಕರೆಂಟಿನದು. ಹಳ್ಳಿಯಲ್ಲಿ ಪಂಪ್‌ಸೆಟ್ ಚಾಲೂ ಆದ ಕೂಡಲೇ ಮನೆಯ ಬಲ್ಬ್ ಮಂಕಾಗಿ, ಆಮೇಲೆ ಸುಧಾರಿಸಿಕೊಳ್ಳುತ್ತದೆ. ಟ್ಯೂಬ್ ಆಂಪ್‌ನಲ್ಲಿ ನೀವು ಜೋರಾಗಿ ಮೀಟಿದಾಗಲೆಲ್ಲ ಹಾಗೇ ಆಗುತ್ತದೆ. ಸುಮ್ನೆ ಇದ್ದಾಗ ಡಿಲಕ್ಸ್ ರಿವರ್ಬ್ ಒಳಗೆ 400 ವೋಲ್ಟ್‌ಗೂ ಜಾಸ್ತಿ ಇರುತ್ತದೆ. ಪೂರ್ತಿ ಹೊಡೆತ ಬಿದ್ದಾಗ ಅದು ಹತ್ತಾರು ವೋಲ್ಟ್ ಕುಸಿಯುತ್ತದೆ. ಸ್ವರದ ಮೊದಲ ಪೆಟ್ಟು ಅದುಮಿದಂತಾಗಿ, ಮರುಕ್ಷಣ ವೋಲ್ಟೇಜ್ ವಾಪಸ್ ಏರುವಾಗ ಸ್ವರ ಉಬ್ಬಿ ಬರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಯಾಗ್ ಅನ್ನುತ್ತಾರೆ. ನುಡಿಸುವವನಿಗೆ ತಂತಿಯ ಕೆಳಗೆ ಸ್ಪ್ರಿಂಗ್ ಇಟ್ಟ ಹಾಗೆ ಅನ್ನಿಸುತ್ತದೆ. ಎಂಜಿನಿಯರ್ ಕಣ್ಣಿಗೆ ಇದು ಬಡ ಪವರ್ ಸಪ್ಲೈ. ಅದೂ ನಿಜವೇ. 1955ರಿಂದ 1960ರವರೆಗೆ ಬಂದ, ಫೆಂಡರ್‌ನದೇ ಇನ್ನೂ ಹಳೇ ಮಾದರಿಯಾದ ಟ್ವೀಡ್ ಡಿಲಕ್ಸ್‌ನಲ್ಲಿ 5ವೈ3 ಅನ್ನುವ ರೆಕ್ಟಿಫೈಯರ್ ಇತ್ತು, ಅದು ಜಾಸ್ತಿ ಕುಗ್ಗುತ್ತದೆ. ನಿಮ್ಮ ಸ್ನೇಹಿತನ ಆಂಪ್‌ನಲ್ಲಿರುವ 5ಎಆರ್4 ಅಷ್ಟು ಕುಗ್ಗುವುದಿಲ್ಲ. ಟ್ವೀಡ್ ಮೆತ್ತನೆ ಹಾಸಿಗೆ ಇದ್ದ ಹಾಗೆ, ಡಿಲಕ್ಸ್ ರಿವರ್ಬ್ ಸ್ವಲ್ಪ ಗಟ್ಟಿ ಹಾಸಿಗೆ.

ಇನ್ನೊಂದು ಸ್ಪೀಕರ್ ವಿಷಯ. ಕರೆಂಟಿಗೆ ಒಡ್ಡುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ. 8 ಓಮ್ ಅಂತ ಬರೆದಿರುವ ಸ್ಪೀಕರ್ ಎಲ್ಲ ಸ್ವರಕ್ಕೂ 8 ಓಮ್ ಅಲ್ಲ. ತಗ್ಗು ಸ್ವರದಲ್ಲಿ, ಅದು ತಾನಾಗಿ ಅದುರುವ ಜಾಗದಲ್ಲಿ, ಹಲವು ಪಟ್ಟು ಏರುತ್ತದೆ. ತುಂಬಾ ಮೇಲಿನ ಸ್ವರಗಳಲ್ಲೂ ಏರುತ್ತದೆ. ಟ್ರಾನ್ಸಿಸ್ಟರ್ ಆಂಪ್ ಸಾಮಾನ್ಯವಾಗಿ ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಸ್ಪೀಕರನ್ನು ಬಿಗಿಯಾಗಿ ಹಿಡಿದು ನಡೆಸುತ್ತದೆ. ಟ್ಯೂಬ್ ಆಂಪ್‌ನ ಹಿಡಿತ ಸಡಿಲ. ಸ್ಪೀಕರ್ ಎಲ್ಲಿ ಓಮ್ ಏರಿಸುತ್ತದೋ ಅಲ್ಲಿ ಸೌಂಡೂ ಏರುತ್ತದೆ. ತಗ್ಗಿನಲ್ಲಿ ಸ್ವಲ್ಪ ಧಿಂ, ಮೇಲೆ ಸ್ವಲ್ಪ ಮಿಂಚು. ಟ್ವೀಡ್ ಡಿಲಕ್ಸ್‌ನಲ್ಲಿ ಹಿಡಿತ ಬಿಗಿ ಮಾಡುವ ನೆಗೆಟಿವ್ ಫೀಡ್‌ಬ್ಯಾಕ್ ಅನ್ನುವುದೇ ಇಲ್ಲ. ಆಂಪೂ ಸ್ಪೀಕರೂ ಒಬ್ಬರನ್ನೊಬ್ಬರು ಎಳೆದಾಡುತ್ತವೆ. ಡಬ್ಬದ ಹಿಂಭಾಗ ತೆರೆದಿರುವುದರಿಂದ ಸೌಂಡ್ ಗೋಡೆಗೂ ಹೊಡೆದು ಬರುತ್ತದೆ. ಮೂಲೆಯಲ್ಲಿಟ್ಟರೆ ಒಂದು ಥರ, ನಡುಮನೆಯಲ್ಲಿಟ್ಟರೆ ಇನ್ನೊಂದು ಥರ.

ಮುಂದಿನ ಸಲ ಹೋದಾಗ ಹೀಗೆ ಮಾಡಿ ನೋಡಿ. ಪೆಡಲ್ ಯಾವುದೂ ಬೇಡ. ಆಂಪ್‌ನ ವಾಲ್ಯೂಮ್ ಆರಕ್ಕಿಡಿ, ಪಕ್ಕದ ಮನೆಯವರು ಊರಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡು. ಗಿಟಾರ್‌ನ ವಾಲ್ಯೂಮ್ ಹತ್ತರಲ್ಲಿಟ್ಟು ಪಿಕ್‌ನಿಂದ ಬಾರಿಸಿ. ಸ್ವರದ ಅಂಚು ಹರಿದಂತೆ ಕೇಳುತ್ತದೆ. ಈಗ ಆಂಪ್ ಮುಟ್ಟದೆ ಗಿಟಾರ್‌ನ ವಾಲ್ಯೂಮ್ ನಾಲ್ಕಕ್ಕೆ ಇಳಿಸಿ, ಅದೇ ಕಾರ್ಡ್ ನುಡಿಸಿ. ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛ. ಪಿಕ್ ಕೆಳಗಿಟ್ಟು ಹೆಬ್ಬೆರಳಿನಿಂದ ನುಡಿಸಿ, ಇನ್ನೂ ಮೆತ್ತಗೆ. ಎಂಟಕ್ಕೆ ಏರಿಸಿ, ಹೆಬ್ಬೆರಳಿನಿಂದ ಸ್ವಚ್ಛ, ಪಿಕ್‌ನಿಂದ ಒಡೆಯುತ್ತದೆ. ಎಡಗೈಯಲ್ಲಿ ಏನೂ ಬದಲಾಗಿಲ್ಲ, ಯಾವ ಬಟನ್ ಒತ್ತಿಲ್ಲ. ನಿಮ್ಮ 20 ವ್ಯಾಟ್‌ನ ಆಂಪ್‌ನಲ್ಲಿ ಗೇನ್ ಏರಿಸಿ ಇದೇ ಮಾಡಿ. ಸಾಮಾನ್ಯವಾಗಿ ಒಡೆದ ಸೌಂಡು ಒಡೆದೇ ಇರುತ್ತದೆ, ಬರೀ ಚಿಕ್ಕದಾಗುತ್ತದೆ. ನಿಮ್ಮ ಅಣ್ಣನಿಗೂ ಇದನ್ನು ಕೇಳಿಸಿ. ಮೋಹ ಅನ್ನುವುದಾದರೆ ಆಮೇಲೆ ಅನ್ನಲಿ.

ಗುಂಡಿಗಳು ಕಡಿಮೆ ಇರುವುದೂ ಒಂದು ಸುಖ. ಟ್ವೀಡ್ ಡಿಲಕ್ಸ್‌ಗೆ ಇರುವುದು ಮೂರೇ: ಎರಡು ವಾಲ್ಯೂಮ್, ಒಂದು ಟೋನ್. ಅವೂ ನೆಟ್ಟಗಿಲ್ಲ. ಗಿಟಾರ್ ಹಾಕದ ಚಾನೆಲ್‌ನ ವಾಲ್ಯೂಮ್ ತಿರುಗಿಸಿದರೂ ಹಾಕಿದ ಚಾನೆಲ್‌ನ ಸೌಂಡ್ ಬದಲಾಗುತ್ತದೆ. ಸರ್ಕ್ಯೂಟ್‌ನ ಕುಂದು ಅದು. ಕೆನಡಾದ ರಾಕ್ ಸಂಗೀತಗಾರ ನೀಲ್ ಯಂಗ್ ಈ ಕುಂದನ್ನೇ ನೆಚ್ಚಿಕೊಂಡವರು. ಅವರ 1959ರ ಟ್ವೀಡ್ ಡಿಲಕ್ಸ್ ಮೇಲೆ ಒಂದು ಪೆಟ್ಟಿಗೆ ಕೂರಿಸಿದ್ದಾರೆ. ವೇದಿಕೆಯಲ್ಲಿ ಕಾಲಿನಿಂದ ಸ್ವಿಚ್ ಒತ್ತಿದರೆ ಅದರೊಳಗಿನ ಮೋಟಾರ್ ಆಂಪ್‌ನ ಗುಂಡಿಗಳನ್ನು ನಿಜವಾಗಿಯೇ ತಿರುಗಿಸುತ್ತದೆ! ಅದಕ್ಕೆ ವಿಝರ್ ಅಂತ ಹೆಸರು. ಬೇರೆ ಆಂಪ್ ತರಬಹುದಿತ್ತು, ಪೆಡಲ್ ಇಡಬಹುದಿತ್ತು. ಆ ಮನುಷ್ಯ ಗುಂಡಿ ತಿರುಗಿಸಲು ಒಬ್ಬ ಆಳನ್ನೇ ಇಟ್ಟುಕೊಂಡ ಹಾಗೆ ಮಾಡಿದರು.

ನಿಮ್ಮ ಸ್ನೇಹಿತನದು ಹಳೇ ಆಂಪ್ ಅಲ್ಲ, ಹಳೇ ಮಾದರಿಯದು. ಫೆಂಡರ್ 1993ರಿಂದ ಇದನ್ನು ಮತ್ತೆ ಮಾಡುತ್ತಿದೆ. ಸರ್ಕ್ಯೂಟ್ ಹೆಚ್ಚುಕಡಿಮೆ ಅದೇ. ಮೊದಲಿನವುಗಳಲ್ಲಿ ಹಲಗೆಯ ಮೇಲೆ ಕೈಯಲ್ಲಿ ತಂತಿ ಬೆಸೆಯುತ್ತಿದ್ದರು, ಈಗ ಪ್ರಿಂಟೆಡ್ ಬೋರ್ಡ್. ಸೌಂಡಿಗೆ ಇದರಿಂದ ದೊಡ್ಡ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ. ರಿಪೇರಿ ಮಾಡುವವನ ಬೆನ್ನಿಗೆ ಮಾತ್ರ ನಷ್ಟ. ಟ್ರೆಮೊಲೊ ಈಗಲೂ ಹಳೇ ಕ್ರಮದಲ್ಲೇ ನಡೆಯುತ್ತದೆ. ಕಪ್ಪು ಕವಚದೊಳಗೆ ಒಂದು ಪುಟ್ಟ ನಿಯಾನ್ ಬಲ್ಬ್ ಮಿಣುಕುತ್ತದೆ, ಎದುರಿಗಿರುವ ಬೆಳಕಿನ ಸೆಲ್ ಅದನ್ನು ನೋಡಿ ಸೌಂಡನ್ನು ಏರಿಸಿ ಇಳಿಸುತ್ತದೆ. ಮುಂದೆ ವೈಬ್ರಾಟೊ ಅಂತ ತಪ್ಪಾಗಿ ಬರೆದಿದ್ದಾರೆ, ಅದನ್ನೂ ಹಾಗೇ ಉಳಿಸಿಕೊಂಡಿದ್ದಾರೆ. ರಿವರ್ಬ್, ಅಂದರೆ ದೊಡ್ಡ ಹಾಲ್‌ನಲ್ಲಿ ಸದ್ದು ಅನುರಣಿಸಿದಂಥ ಗುಣ, ಬರುವುದು ಕೆಳಗಿರುವ ತಗಡಿನ ಪೆಟ್ಟಿಗೆಯ ಸ್ಪ್ರಿಂಗ್‌ಗಳಿಂದ. ಆಂಪ್ ಆನ್ ಇದ್ದಾಗ ಪಕ್ಕಕ್ಕೊಮ್ಮೆ ಒದ್ದರೆ ಮನೆಯೊಳಗೆ ಗುಡುಗು. ಮಕ್ಕಳಿರುವ ಮನೆಯಲ್ಲಿ ಇದನ್ನು ತೋರಿಸಬೇಡಿ.

ಈಗ ನಿಮ್ಮ ಮನೆ ವಿಷಯ. ಇಲ್ಲಿಯವರೆಗೆ ಹೇಳಿದ್ದೆಲ್ಲ ವಾಲ್ಯೂಮ್ ಏರಿದಾಗಿನ ಮಾತು. ಗಿಟಾರ್ ಸ್ಪೀಕರ್‌ಗಳು ಒಂದೇ ವ್ಯಾಟ್‌ಗೆ, ಒಂದು ಮೀಟರ್ ದೂರದಲ್ಲಿ, 95 ಡೆಸಿಬಲ್‌ಗೂ ಜಾಸ್ತಿ ಸದ್ದು ಮಾಡುತ್ತವೆ. 22 ವ್ಯಾಟ್ ಅಂದರೆ ಡ್ರಮ್ ಸೆಟ್ ಪಕ್ಕದಲ್ಲಿ ನಿಂತು ನುಡಿಸುವ ಜೋರು. ಬಾಡಿಗೆ ಮನೆಯಲ್ಲಿ ನೀವು ಎರಡರ ಮೇಲೆ ತಿರುಗಿಸಲಾರಿರಿ. ಎರಡರಲ್ಲೂ ಸೌಂಡ್ ಸೊಗಸಾಗಿಯೇ ಇರುತ್ತದೆ, ಆದರೆ ಪವರ್ ಟ್ಯೂಬ್‌ಗಳು ನಿದ್ದೆ ಮಾಡುತ್ತಿರುತ್ತವೆ. ಹಾಗಾದರೆ 5 ವ್ಯಾಟ್ ಸಾಕಲ್ಲ ಅನ್ನುತ್ತೀರಿ. ಫೆಂಡರ್ ಚಾಂಪ್ ಮಾದರಿಯದು, ಒಂದೇ 6ವಿ6, 8 ಇಂಚಿನ ಸ್ಪೀಕರ್. ಒಳ್ಳೆಯ ಯೋಚನೆ, ನನ್ನ ಮನೆಯಲ್ಲೂ ಇರುವುದು ಅಂಥದ್ದೇ. ಆದರೆ ಕಿವಿಯ ಲೆಕ್ಕ ವಿಚಿತ್ರ. ಎರಡು ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 22ರಿಂದ 5ಕ್ಕೆ ಇಳಿದರೂ ಸದ್ದು ಅರ್ಧಕ್ಕೆ ಇಳಿಯುವುದಿಲ್ಲ. ಓನರ್ ಕೆಳಗಿನ ಮನೆಯಲ್ಲಿದ್ದರೆ ಇದೂ ಜಾಸ್ತಿಯೇ. ಸ್ಪೀಕರ್‌ಗೂ ಆಂಪ್‌ಗೂ ನಡುವೆ ಹಾಕಿ ಸದ್ದು ತಗ್ಗಿಸುವ ಅಟೆನ್ಯುಯೇಟರ್ ಸಿಗುತ್ತದೆ, ಸ್ವಲ್ಪ ದೂರ ಅದು ನಡೆಸುತ್ತದೆ.

ಡಿಜಿಟಲ್‌ನವರನ್ನು ನಾನು ಹೀಗಳೆಯುವುದಿಲ್ಲ. ಫೆಂಡರ್ ಕಂಪನಿಯೇ 2019ರಲ್ಲಿ ಟೋನ್ ಮಾಸ್ಟರ್ ಅನ್ನುವ ಹೆಸರಿನಲ್ಲಿ ಡಿಲಕ್ಸ್ ರಿವರ್ಬ್‌ನ ಡಿಜಿಟಲ್ ನಕಲು ತಂದಿತು. ಒಳಗೆ ಟ್ಯೂಬ್ ಇಲ್ಲ. 22 ವ್ಯಾಟ್‌ನ ಟ್ಯೂಬ್ ಆಂಪ್ ಥರ ಕೇಳಿಸಲು ಅದರಲ್ಲಿ 100 ವ್ಯಾಟ್‌ನ ಆಂಪ್ ಇಟ್ಟಿದ್ದಾರೆ. ಹಿಂದಿನ ಸ್ವಿಚ್ ತಿರುಗಿಸಿ ಒಂದು ವ್ಯಾಟ್‌ಗೂ ಕೆಳಗೆ ಇಳಿಸಬಹುದು. ಕಣ್ಣು ಮುಚ್ಚಿ ಕೂತರೆ ಕೇಳುವವರಿಗೆ ವ್ಯತ್ಯಾಸ ಸಿಗುವುದು ಕಷ್ಟ. ನುಡಿಸುವ ಕೈಗೆ ಸ್ವಲ್ಪ ಸಿಗುತ್ತದೆ ಅಂತ ನನಗನ್ನಿಸುತ್ತದೆ, ಅದಕ್ಕೆ ಆಣೆ ಮಾಡಲಾರೆ. ಬರೀ ಶುದ್ಧ ಸೌಂಡ್ ಬೇಕಿದ್ದವರಿಗೆ 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಇದೆ, ಪೂರ್ತಿ ಟ್ರಾನ್ಸಿಸ್ಟರ್. ಅದರ ಮುಂದೆ ಎಷ್ಟೋ ಟ್ಯೂಬ್ ಆಂಪ್‌ಗಳು ತಲೆ ತಗ್ಗಿಸಬೇಕು.

ಅತ್ತೆ ಮಗನಿಗೆ ಫೋನ್ ಮಾಡುವ ಮೊದಲು ಇದನ್ನು ಓದಿ. ಅಲ್ಲಿನ ಕರೆಂಟ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಪಿನ್ ಬದಲಿಸಿ ನೇರ ಸಿಗಿಸಿದರೆ ಫ್ಯೂಸ್ ಹಾರುವುದು ಅದೃಷ್ಟ ಇದ್ದರೆ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ. ಹೀಗಾಗಿ ನನ್ನ ಮೇಜಿಗೆ ಬಂದ ಆಂಪ್‌ಗಳನ್ನು ಎಣಿಸುವುದನ್ನೇ ಬಿಟ್ಟಿದ್ದೇನೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಲೇಬೇಕು, 500 ವಿಎಯದಾದರೆ ಆರಾಮ. ಆದರೂ 60 ಹರ್ಟ್ಸ್‌ಗೆ ಅಂತಲೇ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಇಲ್ಲೇ 230 ವೋಲ್ಟ್‌ನದು ಕೊಳ್ಳುವುದು ಒಳ್ಳೆಯದು. ಮನೆಯ ಅರ್ಥಿಂಗ್ ನೋಡಿಸಿ. ಅರ್ಥ್ ಇಲ್ಲದ ಮನೆಯಲ್ಲಿ ಗುಂಯ್ ಸದ್ದಿನ ಜೊತೆ ಶಾಕೂ ಉಚಿತ.

ಸ್ಪೀಕರ್ ಸಿಗಿಸದೆ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದೀತು. ಹಿಂದಿನ ತಗಡು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಕೂತಿರಬಹುದು. ನಾನು ಹೊಸದಾಗಿ ಕಲಿಯುವಾಗ ಪ್ಲಗ್ ಕಿತ್ತಿದ್ದೇನಲ್ಲ ಅಂತ ಧೈರ್ಯವಾಗಿ ಕೈ ಹಾಕಿದೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎದುರಿನ ಗೋಡೆಗೆ ಬಿತ್ತು, ಮೊಣಕೈ ಸಂಜೆವರೆಗೆ ಜುಂ ಅನ್ನುತ್ತಿತ್ತು. ಅವತ್ತಿಂದ ಅಳೆಯುವಾಗ ಎಡಗೈ ಜೇಬಿನಲ್ಲಿ.

ಟ್ಯೂಬ್ ಸಿಗುತ್ತವಾ ಅಂತ ಚಿಂತೆ ಬೇಡ. ಇವತ್ತು ಗಿಟಾರ್ ಆಂಪ್‌ಗಳ ಟ್ಯೂಬ್ ಬಹುತೇಕ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ ಬರುತ್ತವೆ. 2022ರಲ್ಲಿ ಯುದ್ಧ ಶುರುವಾಗಿ ರಷ್ಯಾದ ಮಾಲಿಗೆ ತಡೆ ಬಿದ್ದಾಗ ಬೆಲೆ ಏರಿತು, ಆಮೇಲೆ ಪೂರೈಕೆ ಮತ್ತೆ ಶುರುವಾಯಿತು. ಒಂದು ಕಾಲದಲ್ಲಿ ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲೇ ವಾಲ್ವ್ ಆಗುತ್ತಿತ್ತು, 1961ರಿಂದ. ಇಂಗ್ಲೆಂಡಿನ ವೋಕ್ಸ್ ಎಸಿ30 ಆಂಪ್‌ನ ಹೊಟ್ಟೆಯಲ್ಲಿರುವ ಇಎಲ್84 ಕೂಡ ಬಿಇಎಲ್ ಮಾಡುತ್ತಿತ್ತು. ಯಾರದ್ದಾದರೂ ಅಟ್ಟದಲ್ಲಿ ಬಿಇಎಲ್ ಡಬ್ಬಿ ಸಿಕ್ಕರೆ ಗುಜರಿಗೆ ಹಾಕುವ ಮೊದಲು ನನಗೊಂದು ಪತ್ರ ಬರೆಯಿರಿ. ಚಿಕ್ಕ ಟ್ಯೂಬ್‌ಗಳು ವರ್ಷಗಟ್ಟಲೆ ಬಾಳುತ್ತವೆ. ಟಿಣ್ ಅನ್ನುವ ಸದ್ದು ಬಂದರೆ, ಆಂಪ್ ಆನ್ ಇದ್ದಾಗಲೇ ಹಿಂದಿನಿಂದ ಪೆನ್ಸಿಲ್‌ನ ರಬ್ಬರ್ ತುದಿಯಲ್ಲಿ ಒಂದೊಂದೇ ಟ್ಯೂಬ್ ಮೆಲ್ಲಗೆ ತಟ್ಟಿ. ಕೆಟ್ಟದ್ದು ಸ್ಪೀಕರ್‌ನಲ್ಲಿ ಗಂಟೆ ಹೊಡೆದು ತಾನೇ ಒಪ್ಪಿಕೊಳ್ಳುತ್ತದೆ.

ಹಾಗಾದರೆ ಕೊಳ್ಳಬೇಕಾ? ನೀವು ನುಡಿಸುವುದು ಹೆಚ್ಚಾಗಿ ಹೆಡ್‌ಫೋನ್‌ನಲ್ಲಿ ಅಥವಾ ಭಾರೀ ಡಿಸ್ಟಾರ್ಶನ್ ಪೆಡಲ್ ಹಾಕಿಕೊಂಡು ಅಂತಾದರೆ ಬೇಡ, ದುಡ್ಡು ದಂಡ. ಬ್ಯಾಂಡ್ ಇದೆ, ತಿಂಗಳಿಗೆರಡು ಸಲವಾದರೂ ಡ್ರಮ್ ಜೊತೆ ನುಡಿಸುತ್ತೀರಿ ಅಂತಾದರೆ ಡಿಲಕ್ಸ್ ರಿವರ್ಬ್ ಕೊಳ್ಳಿ, ಅದನ್ನು ರಿಹರ್ಸಲ್ ಜಾಗದಲ್ಲೇ ಇಡಿ. ಮನೆಯಲ್ಲೇ ಒಬ್ಬರೇ ನುಡಿಸುವುದಾದರೆ 5 ವ್ಯಾಟ್‌ನದು, ಪಕ್ಕದವರು ಒಪ್ಪಿದರೆ. ಯಾವುದಾದರೂ ಸರಿ, ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ತಗೊಂಡು ಹೋಗಿ ನುಡಿಸಿಯೇ ದುಡ್ಡು ಕೊಡಿ. ಡಿಲಕ್ಸ್ ರಿವರ್ಬ್ ಅಂತಲೇ ಆದರೆ, ಸೌಂಡ್ ಕೇಳುವ ಮೊದಲು ಅದನ್ನೊಮ್ಮೆ ಎತ್ತಿ ನೋಡಿ. 19 ಕೆಜಿ. ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂತ ಬರೆದವರು ನೀವೇ.